ಶಾಲೆಯಲ್ಲಿ ಧೂಮಕೇತು ಮಾಡಿಸೋದು: ಡ್ರೈ ಐಸ್ ಬೇಕೇ ಬೇಕಾ?

ದುರ್ಗದ ಟೀಚರ್

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಆರು, ಏಳನೇ ಕ್ಲಾಸಿಗೆ ವಿಜ್ಞಾನ ತಗೊಳ್ತೀನಿ. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಈ ಸಲ ಮಕ್ಕಳ ಕೈಯಲ್ಲಿ ಧೂಮಕೇತು ಮಾಡಿಸಬೇಕು ಅಂತ ಆಸೆ. ಚಾರ್ಟಿನ ಮೇಲೆ ಬಾಲ ಬರೆಸಿ ಹಳದಿ ಬಣ್ಣ ಹಚ್ಚಿಸಿದ್ದು ಸಾಕಾಗಿದೆ. ಡ್ರೈ ಐಸ್, ನೀರು, ಮಣ್ಣು ಕಲಸಿ ಉಂಡೆ ಕಟ್ಟಿದರೆ ಅಲ್ಲಲ್ಲಿ ಹೊಗೆ ಚಿಮ್ಮುವ ವಿಡಿಯೋ ನೋಡಿದ್ದೇನೆ. ನಮ್ಮ ಕಡೆ ಡ್ರೈ ಐಸ್ ಎಲ್ಲಿ ಸಿಗುತ್ತದೆ? ಮಕ್ಕಳ ಮುಂದೆ ಮಾಡೋದು ಸೇಫಾ? ಸಿಗದಿದ್ದರೆ ಬೇರೆ ದಾರಿ ಇದೆಯಾ? ಹೆಡ್‌ಮೇಷ್ಟ್ರು "ಏನಾದ್ರೂ ಆದ್ರೆ ನೀವೇ ಜವಾಬ್ದಾರಿ" ಅಂದಿದ್ದಾರೆ. ಹಾಗಾಗಿ ಧೈರ್ಯ ತುಂಬುವವರಿಗಿಂತ, ಅದನ್ನು ಕೈಯಲ್ಲಿ ಹಿಡಿದು ಗೊತ್ತಿರುವವರು ಹೇಳಿದರೆ ಉಪಕಾರ.

ಬೆಣ್ಣೆದೋಸೆ577

ಮೇಡಂ, ಕಲ್ಯಾಣ ಮಂಟಪದ ಡೆಕೊರೇಷನ್‌ನವರನ್ನು ಕೇಳಿ ನೋಡ್ರಿ. ರಿಸೆಪ್ಷನ್ ದಿನ ಗಂಡು ಹೆಣ್ಣು ಸ್ಟೇಜ್ ಹತ್ತುವಾಗ ಕಾಲ ಬುಡದಲ್ಲಿ ಮೋಡ ಬಿಡ್ತಾರಲ್ಲ, ಅದು ಎಷ್ಟೋ ಕಡೆ ಡ್ರೈ ಐಸೇ. ಬಿಸಿನೀರಿಗೆ ಹಾಕಿ ಪೈಪಲ್ಲಿ ಬಿಡ್ತಾರೆ. ಮದುವೆ ಸೀಸನ್ ಆದ್ರೆ ದಾವಣಗೆರೆಯಲ್ಲೇ ಹೊಂದಿಸಬಹುದು. ಹೊಗೆ ನೋಡಿದ ಮೇಲೆ ಮಕ್ಕಳು ಧೂಮಕೇತು ಮರೆಯೋ ಮಾತೇ ಇಲ್ಲ.

ಐಸ್ ಗಾಡಿ

ಐಸ್‌ಕ್ರೀಂ ಏಜೆನ್ಸಿ ಇಟ್ಕೊಂಡಿದ್ದೀನಿ, ದಾವಣಗೆರೆ. ಮೊದಲೇ ಒಂದು ಹೇಳಿಬಿಡ್ತೀನಿ. ಐಸ್ ಫ್ಯಾಕ್ಟರಿಯ ಗಡ್ಡೆ ಬೇರೆ, ಇದು ಬೇರೆ. "ಡ್ರೈ ಐಸ್ ಇದೆಯಾ" ಅಂತ ಕೇಳಿದ್ರೆ ಕೆಲವರು ನೀರಿನ ಐಸನ್ನೇ ಕೊಟ್ಟು ಕಳಿಸ್ತಾರೆ. ನಮಗೆ ಬೇಕಾದಾಗ ಬೆಂಗಳೂರಿಂದ ತರಿಸ್ತೀವಿ, ರಾತ್ರಿ ಹೊರಟು ಬೆಳಿಗ್ಗೆ ಬರುತ್ತೆ. ಬರೋ ಹೊತ್ತಿಗೆ ತೂಕ ಕಮ್ಮಿ ಆಗಿರುತ್ತೆ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಒಂದು ಕಿಲೋ ಬೇಕು ಅಂದ್ರೆ ಮೂರು ಹೇಳಿ.

ತರುವಾಗ ದಪ್ಪ ಥರ್ಮಾಕೋಲ್ ಡಬ್ಬಿ. ಗಡ್ಡೆ ಸುತ್ತ ಪೇಪರ್ ತುರುಕಿ, ಖಾಲಿ ಜಾಗ ಬಿಡಬೇಡಿ. ಮುಚ್ಚಳ ಸುಮ್ನೆ ಇಡಬೇಕು, ಟೇಪ್ ಸುತ್ತಿ ಬಿಗಿ ಮಾಡಬಾರದು. ಕಾರಲ್ಲಿ ತಂದ್ರೆ ಗ್ಲಾಸ್ ಇಳಿಸಿಕೊಂಡು ಬನ್ನಿ. ಫ್ರಿಜ್ಜಿನಲ್ಲಿಟ್ಟರೆ ಉಳಿಯುತ್ತೆ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. ಮನೆ ಫ್ರೀಜರ್ ಅದರ ಮುಂದೆ ಒಲೆ ಇದ್ದಂಗೆ.

ಎರಡು ಮಕ್ಕಳ ಅಮ್ಮ

ಟೀಚರಮ್ಮ, ನನ್ನ ಮಗಳು ಏಳನೇ ಕ್ಲಾಸು, ಬೇರೆ ಶಾಲೆ. ಇಂಥದ್ದು ಮಾಡಿಸ್ತೀರಿ ಅಂತ ಓದಿ ಖುಷಿಯಾಯ್ತು, ಹೆದರಿಕೆಯೂ ಆಯ್ತು. ಮುಟ್ಟಿದರೆ ಕೈ ಸುಟ್ಟಂಗೆ ಬೊಬ್ಬೆ ಬರುತ್ತಂತೆ ಹೌದಾ? ಮೂವತ್ತು ನಲವತ್ತು ಮಕ್ಕಳಲ್ಲಿ ಒಬ್ಬನಾದರೂ ಚೂರು ಎತ್ತಿ ಜೇಬಿಗೆ ಹಾಕಿಕೊಳ್ಳೋನು ಇದ್ದೇ ಇರ್ತಾನೆ. ಇಲ್ಲಾಂದ್ರೆ ನೀರಿನ ಬಾಟಲಿಗೆ.

ಲ್ಯಾಬ್ ಮೂಲೆ

ಅಕ್ಕ ಹೇಳಿದ ಎರಡನೆಯದೇ ನಿಜವಾದ ಅಪಾಯ. ದಾವಣಗೆರೆಯ ಒಂದು ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಕೆಲಸ ನನ್ನದು, ಅಲ್ಲಿಂದ ಹೇಳ್ತೀನಿ.

ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಮೈನಸ್ 78.5 ಡಿಗ್ರಿ. ಕರಗಿ ನೀರಾಗೋದಿಲ್ಲ, ನೇರ ಅನಿಲ ಆಗುತ್ತದೆ. ಮುಚ್ಚಿದ ಬಾಟಲಿಯೊಳಗೆ ಹಾಕಿದರೆ ಆ ಅನಿಲಕ್ಕೆ ಹೋಗೋಕೆ ಜಾಗ ಇರೋದಿಲ್ಲ, ಬಾಟಲಿ ಸಿಡಿಯುತ್ತದೆ. ಹಾಗಾಗಿ ಆ ದಿನ ಮಕ್ಕಳ ನೀರಿನ ಬಾಟಲಿ, ಟಿಫನ್ ಡಬ್ಬಿ ಎಲ್ಲ ಕ್ಲಾಸ್ ರೂಮಲ್ಲೇ ಇರಲಿ. ಬರಿಗೈಲಿ ಮುಟ್ಟಬಾರದು. ವೆಲ್ಡಿಂಗ್‌ನವರು ಹಾಕುವ ಚರ್ಮದ ಗ್ಲೌಸ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ತೆಳು ರಬ್ಬರ್ ಗ್ಲೌಸ್ ಪ್ರಯೋಜನ ಇಲ್ಲ. ಕಣ್ಣಿಗೆ ಕನ್ನಡಕ. ರೂಮೊಳಗೆ ಬೇಡ, ಬಯಲಲ್ಲಿ ಮಾಡಿ. ಈ ಅನಿಲ ಗಾಳಿಗಿಂತ ಭಾರ, ತಗ್ಗಲ್ಲಿ ಕೂರುತ್ತದೆ. ಚಿಕ್ಕ ಮಕ್ಕಳನ್ನು ನೆಲಕ್ಕೆ ಕೂರಿಸಿ ಸುತ್ತ ಗುಂಪು ಕಟ್ಟಿಸಬೇಡಿ, ನಿಂತು ನೋಡಲಿ. ದುರ್ಗದ ಗಾಳಿಗೆ ಹೊರಗಡೆ ಯಾವ ಅನಿಲವೂ ನಿಲ್ಲೋದಿಲ್ಲ ಬಿಡಿ, ಜೋಗಿಮಟ್ಟಿ ಕಡೆ ಗಾಳಿ ಫ್ಯಾನುಗಳು ಸುಮ್ನೆ ಹಾಕಿಲ್ಲ.

ಇನ್ನು ಮಾಡೋದು. ಒಂದು ಅಗಲವಾದ ಬೋಗುಣಿ, ಅದರೊಳಗೆ ದಪ್ಪ ಪ್ಲಾಸ್ಟಿಕ್ ಕವರ್ ಹಾಸಿ. ಎರಡು ಕಪ್ ನೀರು, ಎರಡು ದೊಡ್ಡ ಚಮಚ ಮಣ್ಣು, ಒಂದಿಷ್ಟು ಇದ್ದಿಲ ಪುಡಿ, ಒಂದು ಚಮಚ ಜೋನಿ ಬೆಲ್ಲ. ಲ್ಯಾಬಲ್ಲಿ ಅಮೋನಿಯಾ ಇದ್ದರೆ ನಾಲ್ಕು ಹನಿ, ಅದನ್ನು ಟೀಚರೇ ಹಾಕಬೇಕು. ಇಷ್ಟರ ತನಕ ಮಕ್ಕಳೇ ಕಲಸಲಿ. ಆಮೇಲೆ ಅವರನ್ನು ಎರಡು ಹೆಜ್ಜೆ ಹಿಂದೆ ಕಳಿಸಿ. ಡ್ರೈ ಐಸನ್ನು ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿ. ಎರಡು ಕಪ್ ಪುಡಿ ಬೋಗುಣಿಗೆ ಹಾಕಿ ಮರದ ಸೌಟಲ್ಲಿ ತಿರುವುತ್ತಾ ಇರಿ. ಗುಳುಗುಳು ಅಂದು ಮೋಡ ಏಳುತ್ತದೆ. ಸ್ವಲ್ಪ ಹೊತ್ತಿಗೆ ಸೌಟು ಬಿಗಿಯಾಗುತ್ತದೆ. ಆಗ ಕವರಿನ ಅಂಚು ಎತ್ತಿ, ಗ್ಲೌಸ್ ಹಾಕಿದ ಕೈಯಲ್ಲಿ ಹೊರಗಿಂದಲೇ ಒತ್ತಿ ಉಂಡೆ ಕಟ್ಟಿ. ಕವರಿನ ಬಾಯಿ ಮಾತ್ರ ಕಟ್ಟಬೇಡಿ. ಉಂಡೆ ಬಿಡಿಬಿಡಿಯಾಗಿ ಉದುರಿದರೆ ನೀರು ಸಾಲದು ಅಂತ ಅರ್ಥ, ಒಂದು ಗುಟುಕು ಹಾಕಿ ಮತ್ತೆ ಒತ್ತಿ. ಕವರ್ ಬಿಚ್ಚಿದರೆ ಧೂಮಕೇತು. ಚಿಕ್ಕ ಚಿಕ್ಕ ತೂತಿಂದ ಪುಸ್ ಪುಸ್ ಅಂತ ಅನಿಲ ಹೊರಡೋದನ್ನು ಕಿವಿ ಕೊಟ್ಟರೆ ಕೇಳಬಹುದು. ಬಿಸಿಲಲ್ಲಿ ಇಟ್ಟ ಮೇಲೆ ಆ ತೂತುಗಳೇ ಕುಳಿಗಳಾಗುತ್ತವೆ.

ನಕ್ಷತ್ರ ಕಾಯುವವ

ಲ್ಯಾಬ್ ಮೂಲೆಯವರ ವಿಧಾನ ಸರಿಯಾಗಿದೆ, ತಕರಾರಿಲ್ಲ. ನನ್ನ ತಕರಾರು ಹೊಗೆ ಬಗ್ಗೆ.

ಆ ಬಿಳಿ ಹೊಗೆ ಕಾರ್ಬನ್ ಡೈಆಕ್ಸೈಡ್ ಅಲ್ಲ. ಆ ಅನಿಲ ಕಣ್ಣಿಗೆ ಕಾಣೋದೇ ಇಲ್ಲ. ಬೋಗುಣಿಯ ನೀರಿನ ಆವಿ, ಸುತ್ತಲಿನ ಗಾಳಿಯ ಪಸೆ ತಣ್ಣಗಾಗಿ ಹನಿಗಟ್ಟಿ ಮಂಜಾಗಿ ಕಾಣುತ್ತದೆ. ನಂಬಿಕೆ ಬರದಿದ್ದರೆ ಉಂಡೆ ಆದ ಮೇಲೆ ಬಾಯಿಂದ ಹಾ ಅಂತ ಉಸಿರು ಬಿಡಿ, ಮಂಜು ಜಾಸ್ತಿಯಾಗುತ್ತದೆ. ಅಂತರಿಕ್ಷದಲ್ಲಿ ಗಾಳಿಯೇ ಇಲ್ಲ, ಈ ಮಂಜೂ ಇಲ್ಲ. ಮೇಲಾಗಿ ಈ ಮಂಜು ಕೆಳಗೆ ಇಳಿಯುತ್ತದೆ. ಧೂಮಕೇತುವಿನ ಬಾಲ ಕೆಳಕ್ಕೂ ಇಳಿಯಲ್ಲ, ಹಿಂದಕ್ಕೂ ಹೋಗಲ್ಲ. ಅದು ಸೂರ್ಯನಿಗೆ ಬೆನ್ನು ಮಾಡಿಯೇ ಇರುತ್ತದೆ.

ಇದನ್ನು ಹೇಳದೆ ಬಿಟ್ಟರೆ ಮಕ್ಕಳ ತಲೆಯಲ್ಲಿ ಒಂದೇ ಚಿತ್ರ ಉಳಿಯುತ್ತದೆ: ಧೂಮಕೇತು ಓಡುತ್ತದೆ, ಹಿಂದೆ ಹೊಗೆ ಬಿಡುತ್ತದೆ. ಡಿಗ್ರಿ ಓದಿದವರಲ್ಲೂ ಈ ಚಿತ್ರ ಕೂತಿದೆ, ನಾನು ಕೇಳಿ ನೋಡಿದ್ದೇನೆ. ಆದ್ದರಿಂದ ಡ್ರೈ ಐಸ್ ಉಂಡೆ ಧೂಮಕೇತು ಯಾವುದರಿಂದ ಆಗಿದೆ ಅನ್ನೋದಕ್ಕೆ ಮಾತ್ರ. ಬಾಲಕ್ಕೆ ಬೇರೆಯೇ ಮಾದರಿ ಬೇಕು. ಎರಡನ್ನೂ ಒಂದರಲ್ಲೇ ಮುಗಿಸೋಕೆ ಹೋಗಬೇಡಿ ಮೇಡಂ.

ಬೆಣ್ಣೆದೋಸೆ577

ಏನ್ ಸಾರ್ ನೀವು. ಮಕ್ಕಳು ಬಾಯಿ ಬಿಟ್ಕೊಂಡು ನೋಡೋ ಹೊತ್ತಲ್ಲಿ "ಇದು ಧೂಮಕೇತು ಹೊಗೆ ಅಲ್ಲ" ಅಂದ್ರೆ ಮಜಾ ಎಲ್ಲ ಹೋಯ್ತು. ಮೊದಲು ಆಸೆ ಹುಟ್ಟಲಿ. ಪಾಠ ಆಮೇಲೆ.

ನಕ್ಷತ್ರ ಕಾಯುವವ

ಮಜಾ ಬೇಡ ಅಂದವರು ಯಾರು? ಹೊಗೆ ಎದ್ದಾಗ ಸುಮ್ನೆ ಇರಿ. ಅದು ಇಳಿದ ಮೇಲೆ ಒಂದೇ ಪ್ರಶ್ನೆ ಕೇಳಿ: "ಧೂಮಕೇತು ಸೂರ್ಯನನ್ನು ಸುತ್ತಿ ವಾಪಸ್ ಹೋಗ್ತಿದೆ. ಈಗ ಬಾಲ ಯಾವ ಕಡೆ?" ಎಲ್ಲರೂ ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಲಿ. ಉತ್ತರ ಹೇಳಿಬಿಡಬೇಡಿ. ವಾಪಸ್ ಹೋಗುವಾಗ ಬಾಲ ಮುಂದಿರುತ್ತದೆ, ತಲೆ ಹಿಂದಿರುತ್ತದೆ ಅಂತ ಅವರೇ ಕಂಡುಕೊಂಡರೆ ಆ ಮಜಾನೇ ಬೇರೆ.

ಅದಕ್ಕೆ ಡ್ರೈ ಐಸ್ ಬೇಡ, ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿ ಸಾಕು. ಹ್ಯಾಲಿ ಧೂಮಕೇತುವಿನ ದಾರಿಯನ್ನೇ ಮೈದಾನದಲ್ಲಿ ಎಳೆಯಿರಿ. ಭೂಮಿ ಸೂರ್ಯನ ನಡುವಿನ ದೂರವನ್ನು ಅರ್ಧ ಮೀಟರ್ ಅಂತ ಇಟ್ಕೊಳ್ಳಿ. ಎರಡು ಗೂಟ, ನಡುವೆ ಹದಿನೇಳೂಕಾಲು ಮೀಟರ್. 35 ಮೀಟರ್ 8 ಸೆಂಟಿಮೀಟರ್ ಸುತ್ತಳತೆಯ ಹಗ್ಗದ ಕುಣಿಕೆಯನ್ನು ಎರಡೂ ಗೂಟಕ್ಕೆ ಹಾಕಿ, ಒಳಗಿಂದ ಕಡ್ಡಿ ಇಟ್ಟು ಬಿಗಿಯಾಗಿ ಎಳೆಯುತ್ತಾ ಸುತ್ತು ಬನ್ನಿ. ನೈಲಾನ್ ಹಗ್ಗ ಬೇಡ, ಹಿಗ್ಗುತ್ತದೆ. ಇಲ್ಲಿ ನಾಲ್ಕು ಬೆರಳು ಹೆಚ್ಚುಕಮ್ಮಿ ಆದರೂ ಸೂರ್ಯನ ಹತ್ತಿರದ ತಿರುವು ಕೆಡುತ್ತದೆ. ಹದಿನೆಂಟು ಮೀಟರ್ ಉದ್ದ, ನಾಲ್ಕೂವರೆ ಮೀಟರ್ ಅಗಲದ ಸಪೂರ ಸುತ್ತು ಬರುತ್ತದೆ. ಒಂದು ಗೂಟ ಸೂರ್ಯ, ಇನ್ನೊಂದು ಗೂಟ ಕಿತ್ತುಬಿಡಿ. ಸೂರ್ಯನ ಸುತ್ತ ಅರ್ಧ ಮೀಟರಿಗೆ ಭೂಮಿಯ ದಾರಿ. ಹದಿನೈದು ಮೀಟರಿಗೆ ನೆಪ್ಚೂನ್, ಅದರ ಒಂದು ತುಂಡು ಗೆರೆ ಸಾಕು. ಹ್ಯಾಲಿ ನೆಪ್ಚೂನನ್ನೂ ದಾಟಿ ಹೋಗಿ ತಿರುಗುತ್ತದೆ.

ಒಬ್ಬ ಹುಡುಗಿ ಧೂಮಕೇತು. ಕೈಯಲ್ಲಿ ಕಡ್ಡಿ, ತುದಿಗೆ ಉಂಡೆ, ಜೇಬಲ್ಲಿ ರಿಬ್ಬನ್. ಸೂರ್ಯನಿಂದ ಒಂದೂವರೆ ಮೀಟರ್ ಒಳಗೆ ಬರುವ ತನಕ ರಿಬ್ಬನ್ ತೆಗೆಯಬಾರದು. ನೀರಿನ ಹಿಮ ಜೋರಾಗಿ ಆವಿಯಾಗೋಕೆ ಸುಮಾರು ಅಷ್ಟು ಹತ್ತಿರ ಬರಬೇಕು. ಉಳಿದ ದಾರಿಯೆಲ್ಲ ಬಾಲವಿಲ್ಲದ ಕಪ್ಪು ಕಲ್ಲಿನಂತೆ ಹೋಗಬೇಕು. ದೂರದಲ್ಲಿ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ನಿಧಾನ, ಹತ್ತಿರ ಬಂದಾಗ ಓಟ. ನಿಜದಲ್ಲಿ ಸೂರ್ಯನ ಹತ್ತಿರ ಅದು ಸೆಕೆಂಡಿಗೆ 54 ಕಿಲೋಮೀಟರ್ ವೇಗ, ದೂರದ ತುದಿಯಲ್ಲಿ ಒಂದು ಕಿಲೋಮೀಟರಿಗೂ ಕಮ್ಮಿ. ಗ್ರಹಗಳು ಸುತ್ತುವ ದಿಕ್ಕಿಗೆ ಅದು ಎದುರಾಗಿ ಸುತ್ತುತ್ತದೆ, ಅದನ್ನೂ ಸೇರಿಸಿ. ಭೂಮಿ ಆದ ಹುಡುಗ ಒಂದು ಕಡೆ, ಹ್ಯಾಲಿ ಆದ ಹುಡುಗಿ ಇನ್ನೊಂದು ಕಡೆ.

ದುರ್ಗದ ಟೀಚರ್

ಇದು ಬಹಳ ಚೆನ್ನಾಗಿದೆ ಸರ್. ರಿಬ್ಬನ್ನನ್ನು ಸೂರ್ಯನಿಗೆ ಎದುರು ದಿಕ್ಕಿಗೆ ಹಿಡಿಯೋದು ಹೇಗೆ? ಮಗು ಓಡಿದರೆ ಅದು ಹಿಂದಕ್ಕೇ ಹಾರುತ್ತದೆ. ಟೇಬಲ್ ಫ್ಯಾನನ್ನು ಸೂರ್ಯನ ಜಾಗದಲ್ಲಿ ಇಡಲಾ?

ನಕ್ಷತ್ರ ಕಾಯುವವ

ಫ್ಯಾನ್ ಒಳ್ಳೆಯದೇ, ಕರೆಂಟ್ ಇದ್ದರೆ. ಆದರೆ ಫ್ಯಾನ್ ಗಾಳಿ ಒಂದೇ ಕಡೆ ಬೀಸುತ್ತದೆ, ಮಗು ಹೋದ ಕಡೆಗೆಲ್ಲ ಯಾರಾದರೂ ತಿರುಗಿಸಬೇಕು. ನಾನಾದರೆ ಇನ್ನಿಬ್ಬರು ಮಕ್ಕಳನ್ನು ಬಾಲ ಮಾಡ್ತೀನಿ. ಒಬ್ಬರು ನೀಲಿ ರಿಬ್ಬನ್ ತುದಿ ಹಿಡಿದು ಸೂರ್ಯ, ಧೂಮಕೇತು, ತಾವು ಮೂರೂ ಒಂದೇ ಗೆರೆಯಲ್ಲಿ ಬರುವಂತೆ ನಿಲ್ಲಬೇಕು. ಇದು ವಿದ್ಯುದಾವೇಶ ಇರುವ ಅನಿಲದ ಬಾಲ, ಸೌರ ಮಾರುತ, ಅಂದರೆ ಸೂರ್ಯನಿಂದ ಹರಿದು ಬರುವ ಕಣಗಳು, ತಳ್ಳುವುದು. ಇನ್ನೊಬ್ಬರು ಹಳದಿ ರಿಬ್ಬನ್ ಹಿಡಿದು ಬಂದ ದಾರಿ ಕಡೆಗೆ ಸ್ವಲ್ಪ ಬಾಗಿ ನಿಲ್ಲಬೇಕು. ಅದು ದೂಳಿನ ಬಾಲ, ಸೂರ್ಯನ ಬೆಳಕಿನ ಒತ್ತಡಕ್ಕೆ ನಿಧಾನವಾಗಿ ಹಿಂದುಳಿದು ಬಾಗುವುದು. ಸೂರ್ಯನ ಹತ್ತಿರದ ತಿರುವಿನಲ್ಲಿ ನೀಲಿ ರಿಬ್ಬನ್ನಿನವರು ಬಿದ್ದಾಡಿ ಓಡಬೇಕಾಗುತ್ತದೆ. ಬಿದ್ದು ನಗಲಿ, ಬಾಲ ಯಾಕೆ ತಿರುಗುತ್ತದೆ ಅಂತ ಕಾಲಿಗೇ ಗೊತ್ತಾಗುತ್ತದೆ.

ಒಂದು ಮಾತು ಸೇರಿಸ್ತೀನಿ. ಸೂರ್ಯನಿಂದ ಬೆಳಕಲ್ಲದೆ ಕಣಗಳ ಹರಿವೂ ಬರುತ್ತಿರಬೇಕು ಅಂತ ಜರ್ಮನಿಯ ಲುಡ್ವಿಗ್ ಬಿಯರ್ಮನ್ 1951ರಲ್ಲಿ ಹೇಳಿದ್ದು ಈ ಬಾಲಗಳನ್ನು ನೋಡಿಯೇ. ಆಗ ರಾಕೆಟ್ಟು ಭೂಮಿ ಬಿಟ್ಟು ಅಷ್ಟು ದೂರ ಹೋಗಿ ಅಳೆದಿರಲಿಲ್ಲ.

ಲ್ಯಾಬ್ ಮೂಲೆ

ಸರ್ ಹೇಳಿದ ಎರಡು ಮಾದರಿಯ ಮಾತು ಒಪ್ಪಿದೆ. ಉಂಡೆ ವಿಷಯಕ್ಕೆ ಬರ್ತೀನಿ. ಇದ್ದಿಲ ಪುಡಿ ಧಾರಾಳವಾಗಿ ಹಾಕಿ ಮೇಡಂ. ವಿಡಿಯೋಗಳಲ್ಲಿ ಉಂಡೆ ಬಿಳಿಯಾಗಿರುತ್ತದೆ, ನಿಜವಾದದ್ದು ಹಾಗಿಲ್ಲ. 1986ರ ಮಾರ್ಚ್‌ನಲ್ಲಿ ಜೊಟ್ಟೊ ನೌಕೆ ಹ್ಯಾಲಿಯಿಂದ ಸುಮಾರು 600 ಕಿಲೋಮೀಟರ್ ಹತ್ತಿರ ಹಾದುಹೋಯಿತು. ಕಂಡದ್ದು ಹದಿನೈದು ಕಿಲೋಮೀಟರ್ ಉದ್ದದ ಕಪ್ಪು ಗಡ್ಡೆ. ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಮಾತ್ರ ವಾಪಸ್ ಕೊಡುತ್ತದೆ. ಆಕಾಶದಲ್ಲಿ ಅಷ್ಟು ಹೊಳೆಯುವ ವಸ್ತುವಿನ ಒಳಗಿನ ಗಡ್ಡೆ ಇದ್ದಿಲಷ್ಟು ಕಪ್ಪು ಅಂದರೆ ಮಕ್ಕಳು ನಂಬೋದಿಲ್ಲ. ಹೊಳೆಯೋದು ಗಡ್ಡೆ ಅಲ್ಲ, ಅದು ಬಿಟ್ಟ ಅನಿಲ ಮತ್ತು ದೂಳು.

ಅಮೆರಿಕದ ಖಗೋಳ ವಿಜ್ಞಾನಿ ಫ್ರೆಡ್ ವಿಪ್ಪಲ್ 1950ರಲ್ಲಿ ಧೂಮಕೇತು ಹಿಮ ಮತ್ತು ದೂಳಿನ ಗಡ್ಡೆ ಅಂತ ಲೆಕ್ಕ ಹಾಕಿ ಹೇಳಿದ. 2014ರ ಆಗಸ್ಟ್‌ನಲ್ಲಿ ರೊಸೆಟ್ಟಾ ನೌಕೆ 67ಪಿ ಅನ್ನುವ ಧೂಮಕೇತುವಿನ ಹತ್ತಿರ ಹೋಗಿ ಎರಡು ವರ್ಷ ಜೊತೆಗೇ ಸುತ್ತಿತು. ಆಮೇಲೆ ಗೊತ್ತಾದದ್ದು, ಅದರಲ್ಲಿ ಹಿಮಕ್ಕಿಂತ ದೂಳೇ ಜಾಸ್ತಿ. ಸಾಂದ್ರತೆ ನೀರಿನ ಅರ್ಧದಷ್ಟು, ಒಳಗೆಲ್ಲ ಪೊಳ್ಳು. ವಾಣಿವಿಲಾಸ ಸಾಗರಕ್ಕೆ ಅದರ ಒಂದು ತುಂಡು ಹಾಕಿದರೆ ತೇಲಬೇಕು. ನಮ್ಮ ಉಂಡೆ ಅಷ್ಟು ಪೊಳ್ಳಾಗಿರೋದಿಲ್ಲ, ಅದನ್ನು ಹೇಳಿಬಿಡಿ.

ಜೋನಿ ಬೆಲ್ಲ ಯಾಕೆ ಅಂತ ಮಕ್ಕಳು ಕೇಳಿಯೇ ಕೇಳ್ತಾರೆ. ಧೂಮಕೇತುವಿನಲ್ಲಿ ಇಂಗಾಲದ ಸಂಯುಕ್ತಗಳಿವೆ, ಅದರ ಪರವಾಗಿ ಬೆಲ್ಲ. ಸ್ಟಾರ್‌ಡಸ್ಟ್ ನೌಕೆ 2006ರಲ್ಲಿ ಭೂಮಿಗೆ ತಂದ ವೈಲ್ಡ್ 2 ಧೂಮಕೇತುವಿನ ದೂಳಿನಲ್ಲಿ ಗ್ಲೈಸಿನ್ ಸಿಕ್ಕಿತು. ನಮ್ಮ ಮೈಯ ಪ್ರೋಟೀನಿನಲ್ಲೂ ಇರುವ ಅಮೈನೋ ಆಮ್ಲ ಅದು. ವಾಸನೆ ಬಗ್ಗೆಯೂ ಹೇಳಿ, ಅದು ಮಕ್ಕಳಿಗೆ ಇಷ್ಟ. 67ಪಿ ಬಿಟ್ಟ ಅನಿಲದಲ್ಲಿ ಅಮೋನಿಯಾ ಇತ್ತು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡೂ ಇತ್ತು.

ಮಣ್ಣು ಯಾವುದಾದರೂ ಆದೀತು. ಎರೆಮಣ್ಣು ನೀರು ಕುಡಿದು ಹೆಂಟೆ ಕಟ್ಟುತ್ತದೆ, ಜರಡಿ ಹಿಡಿದು ಮರಳು ಬೆರೆಸಿ.

ಚಳ್ಳಕೆರೆ ಹುಡುಗ

ಡ್ರೈ ಐಸ್ ಸಿಗದೇ ಹೋದ್ರೆ? ನಾನು ಒಂದು ಟ್ಯೂಷನ್‌ನಲ್ಲಿ ಹೇಳಿಕೊಡ್ತೀನಿ. ಕರ್ಪೂರ ಸಾಕು. ಗಟ್ಟಿ ಇದ್ದದ್ದು ನೀರಾಗದೆ ಗಾಳಿಯಾಗೋದನ್ನು ತೋರಿಸೋಕೆ ದೇವರ ಮನೆ ಕರ್ಪೂರಕ್ಕಿಂತ ಒಳ್ಳೆಯ ವಸ್ತು ಇಲ್ಲ. ಎರಡು ಬಿಲ್ಲೆ ತಗೊಳ್ಳಿ. ಒಂದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಇನ್ನೊಂದನ್ನು ತಟ್ಟೆಯಲ್ಲಿ ತೆರೆದು ಕಿಟಕಿ ಹತ್ತಿರ ಇಡಿ. ಕೆಲವು ದಿನದಲ್ಲಿ ತೆರೆದಿಟ್ಟದ್ದು ಸಣ್ಣದಾಗಿರುತ್ತದೆ. ತಟ್ಟೆ ಒದ್ದೆ ಆಗಿರೋದಿಲ್ಲ. ಅಷ್ಟೇ ಪಾಠ.

ಇನ್ನೊಂದು ಕಷ್ಟ ಹೇಳ್ತೀನಿ. ಒಬ್ಬ ಹುಡುಗ "ಸಾರ್, ನಮ್ಮಜ್ಜಿ ಬಾಲದ ಚುಕ್ಕಿ ಬಂದ್ರೆ ರಾಜರಿಗೆ ಕೇಡು ಅಂತಾರೆ" ಅಂದ. ಅಜ್ಜಿಯನ್ನು ಬೈಯೋದು ನನಗಿಷ್ಟ ಇಲ್ಲ. ಹಾಗಾಗಿ ದುರ್ಗದ ಕಥೆಯನ್ನೇ ತಗೊಂಡೆ. ಹೈದರಾಲಿ ಕೋಟೆ ಹಿಡಿದು ಮದಕರಿ ನಾಯಕರ ಆಳ್ವಿಕೆ ಮುಗಿದದ್ದು 1779ರಲ್ಲಿ. ಹ್ಯಾಲಿ ಬಂದದ್ದು 1759ರಲ್ಲಿ, ಆಮೇಲೆ 1835ರಲ್ಲಿ. ನಮ್ಮ ರಾಜನಿಗೆ ಕೇಡಾದಾಗ ಅದು ಎಲ್ಲೋ ದೂರದಲ್ಲಿತ್ತು ಅಂದೆ. ಹುಡುಗ ಒಪ್ಪಿಕೊಂಡ.

ನಕ್ಷತ್ರ ಕಾಯುವವ

ತಮ್ಮಾ, ಆ ವಾದ ಗಟ್ಟಿ ಇಲ್ಲ. 1779ರಲ್ಲೂ ಒಂದು ಧೂಮಕೇತು ಬಂದಿತ್ತು! ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೆ ಅದನ್ನು ದೂರದರ್ಶಕದಲ್ಲಿ ತಿಂಗಳುಗಟ್ಟಲೆ ಹಿಂಬಾಲಿಸಿದ್ದ. ಆ ಹುಡುಗ ನಾಳೆ ಎಲ್ಲಾದರೂ ಓದಿಕೊಂಡು ಬಂದರೆ ಅಜ್ಜಿ ಗೆದ್ದ ಹಾಗಾಯ್ತು. 1910ರಲ್ಲೂ ಹೀಗೇ. ಹ್ಯಾಲಿ ಬಂದಿತ್ತು, ಮೇ 6ಕ್ಕೆ ಇಂಗ್ಲೆಂಡಿನ ಏಳನೇ ಎಡ್ವರ್ಡ್ ತೀರಿಕೊಂಡ.

ಗಟ್ಟಿ ವಾದ ಇದು: ದೂರದರ್ಶಕಕ್ಕೆ ಕಾಣುವ ಧೂಮಕೇತು ಯಾವ ವರ್ಷವೂ ತಪ್ಪೋದಿಲ್ಲ. ಯಾವ ರಾಜ ಯಾವ ವರ್ಷ ಸತ್ತರೂ ಪಕ್ಕದಲ್ಲಿ ಒಂದು ಬಾಲದ ಚುಕ್ಕಿ ಇಡಬಹುದು. 2024ರ ಅಕ್ಟೋಬರ್‌ನಲ್ಲಿ ಸುಚಿನ್‌ಶಾನ್ ಅಟ್ಲಾಸ್ ಬರಿಗಣ್ಣಿಗೇ ಕಂಡಿತಲ್ಲ, ಮೊದಲು ಬೆಳಗಿನ ಜಾವ ಪೂರ್ವಕ್ಕೆ, ಆಮೇಲೆ ಸಂಜೆ ಪಶ್ಚಿಮಕ್ಕೆ. ಆ ತಿಂಗಳು ನಿಮ್ಮೂರಲ್ಲಿ ಏನೇನಾಯ್ತು ಪಟ್ಟಿ ಮಾಡಿ ಅಂತ ಮಕ್ಕಳಿಗೇ ಹೇಳಿ. ಮದುವೆ, ಸಾವು, ಹೆರಿಗೆ, ಹೊಸ ಬೈಕು, ಎಲ್ಲ ಬರುತ್ತೆ. ಮುಂದಿನ ತಿಂಗಳದ್ದೂ ಮಾಡಿ. ಅದೇ ಬರುತ್ತೆ.

ಮತ್ತೆ ಭವಿಷ್ಯ ಹೇಳೋದೇ ಆದರೆ, ಆ ಧೂಮಕೇತುವಿಗೆ ಯಾರ ಹೆಸರಿದೆಯೋ ಆ ಖಗೋಳ ವಿಜ್ಞಾನಿ ಹ್ಯಾಲಿ ಹೇಳಿದ್ದನ್ನು ಹೇಳಿ. 1758ರಲ್ಲಿ ವಾಪಸ್ ಬರುತ್ತೆ ಅಂದಿದ್ದ. ಅವನು 1742ರಲ್ಲೇ ಹೋದ. ಧೂಮಕೇತು 1758ರ ಕ್ರಿಸ್‌ಮಸ್ ರಾತ್ರಿ ಕಂಡಿತು, ಸೂರ್ಯನ ಹತ್ತಿರ ಬಂದದ್ದು 1759ರಲ್ಲಿ.

ಎರಡು ಮಕ್ಕಳ ಅಮ್ಮ

ಇನ್ನೊಂದು ಸಲ ಯಾವಾಗ ಬರುತ್ತೆ ಅದು? ಮಗಳು ಪಕ್ಕದಲ್ಲೇ ಕೂತು ಓದ್ತಾ ಇದ್ದಾಳೆ, ಅವಳ ಪ್ರಶ್ನೆ.

ನಕ್ಷತ್ರ ಕಾಯುವವ

2061ರ ಜುಲೈಯಲ್ಲಿ ಸೂರ್ಯನ ಹತ್ತಿರ ಬರುತ್ತದೆ. ಅವಳಿಗೆ ಆಗ ನಲವತ್ತೆಂಟು ಆಸುಪಾಸು, ಆರಾಮಾಗಿ ನೋಡ್ತಾಳೆ. 2023ರ ಡಿಸೆಂಬರ್‌ನಲ್ಲಿ ಅದು ದೂರದ ತುದಿ ಮುಟ್ಟಿ ತಿರುಗಿದೆ. ಮೈದಾನದ ಸುತ್ತಿನಲ್ಲಿ ಈಗ ಅದು ಎಲ್ಲಿದೆ ಅಂತ ಗುರುತು ಹಾಕಬೇಕಂದ್ರೆ, ಆ ಹದಿನೆಂಟು ಮೀಟರಿನ ಆಚೆ ತುದಿಯಲ್ಲೇ ಒಂದು ಕಲ್ಲಿಡಿ. ಇನ್ನೂ ಜಾಸ್ತಿ ದೂರ ಬಂದಿಲ್ಲ.

ಅಷ್ಟು ದಿನ ಕಾಯೋಕಾಗಲ್ಲ ಅಂದರೆ ಅದರ ದೂಳು ವರ್ಷಕ್ಕೆ ಎರಡು ಸಲ ಬರುತ್ತದೆ. ಮೇ ಮೊದಲ ವಾರದ ಉಲ್ಕೆಗಳು, ಅಕ್ಟೋಬರ್ ಮೂರನೇ ವಾರದ ಉಲ್ಕೆಗಳು ಹ್ಯಾಲಿ ಉದುರಿಸಿ ಹೋದ ದೂಳೇ. ಬೆಳಗಿನ ಜಾವ ಎಬ್ಬಿಸಬೇಕು, ಅಷ್ಟೇ. ದುರ್ಗದ ಹೊರಗೆ ದೀಪ ಕಮ್ಮಿ ಇರುವ ಕಡೆ ಚೆನ್ನಾಗಿ ಕಾಣುತ್ತದೆ.

ಲ್ಯಾಬ್ ಮೂಲೆ

ದೂರದ ಲೆಕ್ಕ ಒಂದು ನನ್ನ ಕಡೆಯಿಂದ. ನಿಮ್ಮ ಉಂಡೆ ಹತ್ತು ಸೆಂಟಿಮೀಟರ್ ಬಂತು ಅನ್ನಿ, ಅದು ಹತ್ತು ಕಿಲೋಮೀಟರ್ ಧೂಮಕೇತು ಅನ್ನಿ. ಅದೇ ಅಳತೆಯಲ್ಲಿ ಒಂದು ಕೋಟಿ ಕಿಲೋಮೀಟರ್ ಬಾಲ ನೂರು ಕಿಲೋಮೀಟರ್ ಆಗುತ್ತದೆ. ಉಂಡೆ ದಾವಣಗೆರೆಯಲ್ಲಿದ್ದರೆ ಬಾಲ ಚಿತ್ರದುರ್ಗ ದಾಟಿ ಹಿರಿಯೂರಿನ ಹತ್ತಿರ ಮುಗಿಯುತ್ತದೆ. ಭೂಮಿ ನೂರಿಪ್ಪತ್ತೇಳು ಮೀಟರ್ ಅಗಲದ ಗೋಳ. ಸೂರ್ಯ ಹೆಚ್ಚುಕಮ್ಮಿ ದೆಹಲಿ ಹತ್ತಿರ, ಹದಿನಾಲ್ಕು ಕಿಲೋಮೀಟರ್ ಅಗಲ. ನೂರು ಕಿಲೋಮೀಟರ್ ಬಾಲವನ್ನು ಈ ಅಂಗೈ ಉಂಡೆ ಹೇಗೆ ಬಿಟ್ಟಿತು ಅಂತ ಕೇಳಿದರೆ, ಬಾಲ ಅಷ್ಟು ತೆಳು ಅಂತ ಹೇಳಬೇಕು. ಅದರ ಮೂಲಕ ಹಿಂದಿನ ನಕ್ಷತ್ರಗಳು ಕಾಣುತ್ತವೆ.

ದುರ್ಗದ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಮಾಡ್ತೀನಿ. ಒಂದು ವಾರ ಮೊದಲೇ ಕರ್ಪೂರ ಇಡಿಸ್ತೀನಿ. ವಿಜ್ಞಾನ ದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಮೈದಾನದಲ್ಲಿ ಸುತ್ತು, ರಿಬ್ಬನ್. ಪಿ.ಟಿ. ಮೇಷ್ಟ್ರು ಸುಣ್ಣದ ಪುಡಿ ಕೊಡ್ತೀನಿ ಅಂದಿದ್ದಾರೆ. ಬಾಲದ ಪ್ರಶ್ನೆ ಮುಗಿದ ಮೇಲೇ ಡ್ರೈ ಐಸ್. ಮಂಜು ಮೊದಲೇ ತೋರಿಸಿದರೆ ಆಮೇಲೆ ಯಾರೂ ರಿಬ್ಬನ್ ಕಡೆ ತಿರುಗಿಯೂ ನೋಡೋದಿಲ್ಲ, ನನ್ನ ಮಕ್ಕಳು ನನಗೆ ಗೊತ್ತು. ಬೆಣ್ಣೆದೋಸೆಯವರಿಗೂ ಬೇಜಾರಿಲ್ಲ ಅಲ್ವಾ? ಮಣ್ಣು ಅವರವರ ಹೊಲದ್ದೇ ತರಲಿ ಅಂತ ಹೇಳಿದ್ದೇನೆ. ಉಂಡೆ ಕಟ್ಟೋದು ನಾನೊಬ್ಬಳೇ, ಗ್ಲೌಸ್ ಒಂದೇ ಜೊತೆ ತರಿಸ್ತೀನಿ.

ಐಸ್ ಗಾಡಿಯವರೇ, ಮೂರು ಕಿಲೋ ನಿಮ್ಮ ಮೂಲಕವೇ ತರಿಸಬಹುದಾ? ಮೆಸೇಜ್ ಕಳಿಸಿದ್ದೇನೆ.

ಐಸ್ ಗಾಡಿ

ನೋಡಿದೆ ಮೇಡಂ. ಹಿಂದಿನ ರಾತ್ರಿ ಹಾಕಿಸ್ತೀನಿ. ಬೆಳಿಗ್ಗೆ ದುರ್ಗದ ಬೈಪಾಸ್ ಹತ್ತಿರವೇ ಇಳಿಸಿಕೊಳ್ಳಿ, ದಾವಣಗೆರೆ ತನಕ ಬಂದು ವಾಪಸ್ ಹೋಗೋದ್ರಲ್ಲಿ ಇನ್ನಷ್ಟು ಹಾರಿಹೋಗುತ್ತೆ.

ಎರಡು ಮಕ್ಕಳ ಅಮ್ಮ

ಎಲ್ಲ ಆದ ಮೇಲೆ ಆ ಉಂಡೆ ಏನು ಮಾಡ್ತೀರಿ? ಮಕ್ಕಳು ಮನೆಗೆ ಕೊಡಿ ಅಂತಾರೆ.

ಲ್ಯಾಬ್ ಮೂಲೆ

ಮನೆಗೆ ಬೇಡವೇ ಬೇಡ. ಸಿಂಕಿಗೂ ಹಾಕಬೇಡಿ, ಪೈಪ್ ಒಡೆಯುತ್ತದೆ. ಮೈದಾನದ ಮೂಲೆಯಲ್ಲಿ ಬಯಲಿಗೆ ಇಟ್ಟು ಸುತ್ತ ಗೆರೆ ಹಾಕಿ, ಯಾರಾದರೂ ದೊಡ್ಡವರು ಹತ್ತಿರ ಇರಲಿ. ಪ್ರತಿ ಅರ್ಧ ಗಂಟೆಗೊಮ್ಮೆ ಇಬ್ಬಿಬ್ಬರು ಬಂದು ದೂರದಿಂದಲೇ ಅದರ ಚಿತ್ರ ಬರೆದುಕೊಂಡು ಹೋಗಲಿ. ಉಳಿದ ಡ್ರೈ ಐಸ್ ಚೂರುಗಳನ್ನೂ ಅದರ ಪಕ್ಕಕ್ಕೇ ಸುರಿಯಿರಿ, ತಾನಾಗೇ ಹೋಗುತ್ತದೆ. ಕೊನೆಗೆ ಕೆಸರು ಉಳಿಯುತ್ತದೆ, ಬೆಲ್ಲದ ವಾಸನೆಗೆ ಇರುವೆ ಬರುತ್ತವೆ. ಒಂದು ಬಕೆಟ್ ನೀರು ಹಾಕಿ ತೊಳೆದುಬಿಡಿ.